ಪೇಸ್, ವಾಟ್ಸ್, ನಿಕೋ, ಲಾರ್ಸ್: ನಿಂತು ನೋಡಿದ್ದು ಒಂದು ಲೆಕ್ಕ, ಕೂತು ಬಾರಿಸಿದ್ದು ಇನ್ನೊಂದು ಲೆಕ್ಕ

ಹೋದ ವರ್ಷ ಗಣೇಶನ ಹಬ್ಬದಲ್ಲಿ ಮಂಡ್ಯ ಹತ್ರ ಒಂದು ಊರಲ್ಲಿ ಆರ್ಕೆಸ್ಟ್ರಾ ಮುಗಿಸಿ ರಾತ್ರಿ ಎರಡು ಗಂಟೇಲಿ ಟೆಂಪೋಗೆ ಸಾಮಾನು ತುಂಬ್ತಾ ಇದ್ವಿ. ನಾನು ಸ್ನೇರ್ ಡ್ರಮ್‌ನ ಬ್ಯಾಗಿಗೆ ಹಾಕ್ತಿದ್ದೆ, ನಮ್ಮ ಕೀಬೋರ್ಡ್ ಅಣ್ಣ ವೈರ್ ಸುತ್ತುತ್ತಾ "ಲೋ, ಇಷ್ಟ್ ವರ್ಷದಿಂದ ಬಾರಿಸ್ತಾ ಇದ್ದೀಯಲ್ಲ, ಹೇಳು ನೋಡಾನ, ರಾಕ್‌ನಲ್ಲಿ ಎಲ್ರಿಗಿಂತ ದೊಡ್ಡ ಡ್ರಮ್ಮರ್ ಯಾರ್ಲಾ?" ಅಂದ್ರು. ನಾನು ಬಾಯಿ ಬಿಡೋಕ್ ಮುಂಚೇನೇ ಗಿಟಾರ್ ಹುಡುಗ "ಬಾನಮ್, ಅದ್ರಲ್ಲಿ ಕೇಳೋದೇನೈತಣ್ಣ" ಅಂದ, ಲೆಡ್ ಜೆಪ್ಲಿನ್ ಬ್ಯಾಂಡಿನ ಡ್ರಮ್ಮರ್ ಜಾನ್ ಬಾನಮ್. ನಾನು ಚಾರ್ಲಿ ವಾಟ್ಸ್ ಅಂದೆ. ಇಬ್ರೂ ಕೈಲಿದ್ದದ್ದು ಕೆಳಗಿಟ್ಟು ನನ್ನ ಮುಖ ನೋಡಿದ್ರು. ಅಲ್ಲಿ ಶುರುವಾದ ವಾದ ಶ್ರೀರಂಗಪಟ್ಟಣದಲ್ಲಿ ಟೀಗೆ ನಿಲ್ಲಿಸಿದಾಗ್ಲೂ ನಡೀತು, ಮೈಸೂರಿಗೆ ಬಂದು ಅವರವರ ಮನೆ ಮುಂದೆ ಇಳಿಯೋವರೆಗೂ ನಡೀತು, ಈಗ್ಲೂ ಎಲ್ಲಾದ್ರೂ ಸಿಕ್ಕಿದ್ರೆ ಅದೇ. ಅದ್ಕೆ ನಾನ್ ಯಾಕೆ ಹಂಗಂದೆ ಅನ್ನೋದನ್ನ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೀನಿ.

ನಾನು ಲೈವ್ ನೋಡಿರೋ ದೊಡ್ಡ ಡ್ರಮ್ಮರ್‌ಗಳು ನಾಲ್ಕು ಜನ. 2001ರಲ್ಲಿ ಡೀಪ್ ಪರ್ಪಲ್ ಜೊತೆ ಇಯಾನ್ ಪೇಸ್, 2003 ಏಪ್ರಿಲ್ 4ಕ್ಕೆ ರೋಲಿಂಗ್ ಸ್ಟೋನ್ಸ್ ಜೊತೆ ಚಾರ್ಲಿ ವಾಟ್ಸ್, 2007 ಮಾರ್ಚ್ 17ಕ್ಕೆ ಐರನ್ ಮೇಡನ್ ಜೊತೆ ನಿಕೋ ಮೆಕ್‌ಬ್ರೇನ್, 2011 ಅಕ್ಟೋಬರ್ 30ಕ್ಕೆ ಮೆಟಾಲಿಕಾ ಜೊತೆ ಲಾರ್ಸ್ ಉಲ್ರಿಕ್. ನಾಲ್ಕೂ ಬೆಂಗಳೂರು ಅರಮನೆ ಮೈದಾನದಲ್ಲೇ. ಒಂದೇ ಜಾಗ, ಒಂದೇ ಕಿವಿ, ಹಂಗಾಗಿ ಒಬ್ಬರ ಪಕ್ಕ ಒಬ್ಬರನ್ನ ನಿಲ್ಲಿಸಿ ನೋಡೋದು ನಂಗೆ ಸುಲಭ. ಇನ್ನೊಂದು ವಿಷ್ಯ ಏನಂದ್ರೆ ಪ್ರತಿ ಶೋ ಆದ್ಮೇಲೂ ನಾನು ವಾಪಸ್ ಬಂದು ಕಿಟ್ ಮುಂದೆ ಕೂತು, ಅವ್ರು ಏನ್ ಮಾಡಿದ್ರೋ ಅದನ್ನ ಕಮ್ಮಿ ಅಂದ್ರೂ ಒಂದ್ ತಿಂಗಳು ಬಾರಿಸಿ ನೋಡಿದ್ದೀನಿ. ಮೈಸೂರಲ್ಲಿ ಕುವೆಂಪುನಗರದ ಕಡೆ ಗೆಳೆಯನ ಮನೆ ಗ್ಯಾರೇಜು, ಗೋಡೆಗೆ ಹಳೇ ಹತ್ತಿ ಹಾಸಿಗೆ ಕಟ್ಟಿದ್ವಿ, ಸೆಕೆಂಡ್ ಹ್ಯಾಂಡ್ ಐದು ಪೀಸಿನ ಕಿಟ್ಟು, ಬೇಸಿಗೇಲಿ ಒಳಗೆ ಹತ್ತು ನಿಮಿಷ ಕೂತ್ರೆ ಬನಿಯನ್ ಹಿಂಡಬಹುದು. ಅಲ್ಲೇ ನಂಗೆ ಗೊತ್ತಾಗಿದ್ದು, ಮೈದಾನದಲ್ಲಿ ನಿಂತು ನೋಡ್ದಾಗ ಯಾರು ಮೇಲು ಅನ್ನಿಸಿದ್ರೋ, ಕೂತು ಬಾರಿಸೋವಾಗ ಅವ್ರೇ ಮೇಲು ಅನ್ನಿಸಲ್ಲ ಅಂತ.

ಮೊದಲು ಇಯಾನ್ ಪೇಸ್. ಆಗ ನಾನು ಕಾಲೇಜು, ಜೇಬಲ್ಲಿ ಟಿಕೆಟ್ಟು, ಬಸ್ ಚಾರ್ಜು ಬಿಟ್ರೆ ಏನೂ ಇರಲಿಲ್ಲ. ಪರ್ಪಲ್ ಕ್ಯಾಸೆಟ್ಟು ತೇಯೋವರೆಗೂ ಕೇಳಿದ್ದೆ, 'ಮೇಡ್ ಇನ್ ಜಪಾನ್' ಅಂತೂ ಎರಡು ಸಲ ತಗೊಂಡಿದ್ದೆ, ಮೊದಲನೇದನ್ನ ಟೇಪ್ ರೆಕಾರ್ಡರ್ ತಿಂದುಹಾಕಿತ್ತು. ಅದು 1972 ಆಗಸ್ಟಲ್ಲಿ ಒಸಾಕಾ, ಟೋಕಿಯೋದಲ್ಲಿ ರೆಕಾರ್ಡ್ ಮಾಡಿದ್ದು, ಅದ್ರಲ್ಲಿ 'ದ ಮ್ಯೂಲ್' ಅನ್ನೋದ್ರಲ್ಲಿ ಪೇಸ್‌ದು ಉದ್ದಕ್ಕೆ ಸೋಲೋ ಇದೆ. ಆದ್ರೆ ಕ್ಯಾಸೆಟ್ ಹೇಳದೇ ಇದ್ದ ಒಂದು ವಿಷ್ಯ ಆವತ್ತು ಮೈದಾನದಲ್ಲಿ ಕಣ್ಣಿಗೆ ಬಿತ್ತು. ಆಯಪ್ಪ ಎಡಚ. ಕಿಟ್ಟೆಲ್ಲಾ ಉಲ್ಟಾ ಇಟ್ಟಿದೆ, ಹೈ ಹ್ಯಾಟ್ (ಕಾಲಲ್ಲಿ ತೆರೆದು ಮುಚ್ಚೋ ಜೋಡಿ ತಾಳ) ಆ ಕಡೆ, ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲೋ ದೊಡ್ಡ ಡ್ರಮ್ಮು) ಈ ಕಡೆ. ಮೊದಲು ತಲೆ ಗಿರ್ ಅಂತು, ಆಮೇಲೆ ಎರಡ್ ಹಾಡು ಕಳೆಯೋಷ್ಟರಲ್ಲಿ ಹೊಳೀತು, ನಾನು ಬಲಚ, ಎದುರಿಗೆ ನಿಂತು ನೋಡ್ತಿದ್ದೀನಿ, ಅಂದ್ರೆ ಇದು ಕನ್ನಡಿ ಇದ್ದಂಗೆ! ಅವ್ರ ಎಡಗೈ ಎತ್ತಿದ್ರೆ ನನ್ನ ಬಲಗೈ ಎದುರಿಗೇ ಇದೆ. ಬೇರೆ ಡ್ರಮ್ಮರ್ ನೋಡೋವಾಗ ತಲೇಲಿ ತಿರುಗಿಸ್ಕೋಬೇಕು, ಪೇಸ್ ನೋಡೋವಾಗ ಹಂಗೇ ಕೈ ಆಡಿಸ್ತಾ ಹೋಗಬಹುದು. ಆಮೇಲೆ ವೀಡಿಯೋ ಸಿಗೋ ಕಾಲ ಬಂದ್ಮೇಲೆ ನಾನು ಅತಿ ಹೆಚ್ಚು ಫಿಲ್ (ಬೀಟ್ ನಡುವೆ ತುಂಬೋ ಏಟುಗಳು) ಕಲ್ತಿದ್ದು ಈ ಎಡಚನಿಂದಾನೇ, ಅದಕ್ಕೆ ಕಾರಣ ಇಷ್ಟೇ.

ಆಗ ಅವ್ರಿಗೆ ಐವತ್ತು ದಾಟಿತ್ತು. 1968ರಲ್ಲಿ ಬ್ಯಾಂಡ್ ಶುರುವಾದಾಗಿನಿಂದ ಡೀಪ್ ಪರ್ಪಲ್‌ನ ಪ್ರತಿ ಲೈನಪ್‌ನಲ್ಲೂ ಇರೋದು ಅವ್ರೊಬ್ಬರೇ, ಬೇರೆಯವ್ರೆಲ್ಲ ಬಂದ್ರು ಹೋದ್ರು. ಸೋಲೋಲಿ ಒಂದ್ ಕೈ ಕೆಳಗಿಟ್ಟು ಇನ್ನೊಂದೇ ಕೈಯಲ್ಲಿ ಸ್ನೇರ್ ಮೇಲೆ ರೋಲ್ (ಬಿಡುವಿಲ್ದೇ ಒತ್ತೊತ್ತಾಗಿ ಬೀಳೋ ಏಟು) ಮಾಡಿದ್ರು ನೋಡಿ, ಪಕ್ಕದಲ್ಲಿದ್ದೋನು ನನ್ನ ಭುಜ ಹಿಡ್ಕೊಂಡು "ಇನ್ನೊಂದ್ ಕೈ ಎಲ್ಲೋ?" ಅಂತಿದ್ದ. ನಾನು ಅದನ್ನ ಒಂದು ವರ್ಷ ಟ್ರೈ ಮಾಡಿದ್ದೀನಿ. ಸ್ಟಿಕ್‌ನ ತುದಿ ಚರ್ಮದ ಮೇಲೆ, ಸ್ಟಿಕ್‌ನ ಹೊಟ್ಟೆ ರಿಮ್ ಮೇಲೆ, ಮಣಿಕಟ್ಟು ತಕ್ಕಡಿ ಥರ ಮೇಲೆ ಕೆಳಗೆ. ನಿಧಾನಕ್ಕೆ ಮಾಡಿದ್ರೆ ಬರುತ್ತೆ, ವೇಗ ಏರಿಸಿದ ತಕ್ಷಣ ಒಂದು ಏಟು ಜೋರು ಒಂದು ಏಟು ಮೆಲ್ಲಗೆ ಆಗೋಗುತ್ತೆ, ಅವ್ರದ್ದು ಮಾತ್ರ ಕಡಲೆಕಾಳು ಸುರಿದಂಗೆ ಎಲ್ಲಾ ಒಂದೇ ಸಮ. ಇವತ್ತಿಗೂ ನಂಗೆ ಅರ್ಧ ಬರುತ್ತೆ ಅಷ್ಟೇ. ಆದ್ರೂ ನಂಗೆ ಪೇಸ್ ಇಷ್ಟ ಆಗೋದು ರೋಲ್‌ಗಲ್ಲ. 'ಹೈವೇ ಸ್ಟಾರ್' ಅಷ್ಟ್ ಸ್ಪೀಡ್ ಹಾಡು, ಅದ್ರಲ್ಲೂ ಆಯಪ್ಪನ ಕೈ ಒಂಚೂರು ತೂಗ್ತಾ ಇರುತ್ತೆ, ಸೈನಿಕರ ಕವಾಯತು ಥರ ಇರಲ್ಲ. ನೋಡೋ ಲೆಕ್ಕದಲ್ಲಿ ನಾಲ್ಕು ಜನದಲ್ಲಿ ಪೇಸ್‌ಗೇ ನನ್ನ ಮೊದಲ ಮಾರ್ಕು, ಅದ್ರಲ್ಲಿ ಎರಡನೇ ಮಾತಿಲ್ಲ. ಆವತ್ತು ರಾತ್ರಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್‌ನಲ್ಲಿ ಬ್ಯಾಗ್ ತಲೆ ಕೆಳಗಿಟ್ಟು ಮಲಗಿ ಬೆಳಗಿನ ಬಸ್ಸಿಗೆ ಹೊರಟು ಮದ್ದೂರಲ್ಲಿ ವಡೆ ತಿನ್ನೋವಾಗ್ಲೂ ಬೆರಳು ಟೇಬಲ್ ಮೇಲೆ ಆಡ್ತಾನೇ ಇತ್ತು.

ನಿಕೋ ಮೆಕ್‌ಬ್ರೇನ್ ವಿಷ್ಯಕ್ಕೆ ಬಂದ್ರೆ, ಆವತ್ತು ನೋಡೋಕೇನೂ ಸಿಗಲಿಲ್ಲ ಅಂತಾನೇ ಹೇಳ್ಬೇಕು. ಟಾಮ್‌ಗಳು ಸಾಲಾಗಿ ಎತ್ತರಕ್ಕೆ, ಅದರ ಮೇಲೆ ಸಿಂಬಲ್‌ಗಳು, ಹಿಂದೆ ಆಯಪ್ಪ ಪೂರ್ತಿ ಮುಚ್ಚಿಹೋಗಿರ್ತಾರೆ, ಆಗಾಗ ಒಂದು ಸ್ಟಿಕ್ಕು, ಒಂದಷ್ಟು ಕೂದಲು ಕಾಣುತ್ತೆ. ಆದ್ರೆ ಕೇಳೋದು! ಇಂಡಿಯಾಗೆ ಆ ಮಟ್ಟದ ಮೆಟಲ್ ಬ್ಯಾಂಡ್ ಬಂದಿದ್ದು ಅದೇ ಮೊದಲು, ಗೌಹಾಟಿ ಶಿಲ್ಲಾಂಗ್‌ನಿಂದೆಲ್ಲ ಹುಡುಗ್ರು ರೈಲಲ್ಲಿ ಬಂದಿದ್ರು, ಕರೀ ಟೀಶರ್ಟಿನ ಸಮುದ್ರ ಅದು. 'ಫಿಯರ್ ಆಫ್ ದ ಡಾರ್ಕ್'ಗೆ ಇಡೀ ಮೈದಾನ ಗಿಟಾರ್ ರಾಗಾನೇ ಬಾಯಲ್ಲಿ ಹಾಡ್ತು, ಅದಾದ್ಮೇಲೆ ಡ್ರಮ್ಸ್ ಬಿತ್ತಲ್ಲ, ಕಿಕ್‌ನ (ಕಾಲಲ್ಲಿ ಪೆಡಲ್ ಒತ್ತಿ ಹೊಡೆಯೋ ದೊಡ್ಡ ಡ್ರಮ್ಮು) ಏಟು ಎದೆಗೂಡಿನೊಳಗೆ ಬಂದು ಕೂತ್ಕೊಳ್ತು.

ನಿಕೋ ವಿಷ್ಯದಲ್ಲಿ ನಮ್ಮೋರು ತಿಳ್ಕೋಬೇಕಾದ ಎರಡು ಮಾತಿದೆ. ಒಂದು, ಆಯಪ್ಪ ಒಂದೇ ಪೆಡಲ್ಲು, ಅದೂ ಬರಿಗಾಲಲ್ಲಿ. ಮೆಟಲ್ ಅಂದ್ರೆ ಎರಡು ಕಾಲಲ್ಲೂ ಕಿಕ್ ಹೊಡೆಯೋ ಡಬಲ್ ಪೆಡಲ್ ಅಂದ್ಕೊಂಡಿರೋ ಹುಡುಗ್ರಿಗೆ ಇದನ್ನ ಹೇಳಿದ್ರೆ ನಂಬಲ್ಲ. 1983ರ 'ಪೀಸ್ ಆಫ್ ಮೈಂಡ್' ಆಲ್ಬಮ್ಮಿನ ಮೊದಲ ಹಾಡು 'ವೇರ್ ಈಗಲ್ಸ್ ಡೇರ್' ಹಾಕಿ ಕೇಳಿ, ನಿಕೋ ಬ್ಯಾಂಡಿಗೆ ಬಂದ್ಮೇಲೆ ಬಂದ ಮೊದಲ ಆಲ್ಬಮ್ಮು ಅದು, ಡ್ರಮ್ ಫಿಲ್‌ನಿಂದಾನೇ ಶುರು, ಆಮೇಲೆ ಬಲಗಾಲು ಒಂದೇ ಓಡ್ತಾ ಇರುತ್ತೆ. ನಾನು ಅದನ್ನ ಬಾರಿಸೋಕೆ ಕೂತು ಎರಡನೇ ನಿಮಿಷಕ್ಕೇ ಮೊಣಕಾಲ ಕೆಳಗೆ ಮುಂದಿನ ಎಲುಬಿನ ಪಕ್ಕ ಉರಿ ಶುರುವಾಯ್ತು, ಮಂಡ್ಯ ಕಡೆ ಹೇಳ್ತಾರಲ್ಲ ಕಾಲು ಕಟ್ಕೊಂಡ್ತು ಅಂತ, ಹಂಗೆ. ಎರಡನೇ ಮಾತು, 'ರನ್ ಟು ದ ಹಿಲ್ಸ್' ರೆಕಾರ್ಡ್‌ನಲ್ಲಿ ಬಾರಿಸಿದ್ದು ನಿಕೋ ಅಲ್ಲ, ಅವ್ರಿಗಿಂತ ಮುಂಚೆ ಇದ್ದ ಕ್ಲೈವ್ ಬರ್. 2013ರಲ್ಲಿ ತೀರ್ಕೊಂಡ್ರು ಪಾಪ, ಅವ್ರ ಹೆಸರು ನಮ್ಮ ಕಡೆ ಯಾರೂ ಎತ್ತಲ್ಲ, ಆ ಶುರುವಿನ ಡ್ರಮ್ ಏಟು ಮಾತ್ರ ಎಲ್ರಿಗೂ ಗೊತ್ತು. ನಿಕೋಗೆ 2023 ಜನವರೀಲಿ ಪಾರ್ಶ್ವವಾಯು ಹೊಡೆದು, ಆಮೇಲೂ ಟೂರ್ ಮಾಡಿ, 2024 ಡಿಸೆಂಬರ್‌ನಲ್ಲಿ ಸಾವ್ ಪಾಲೋದಲ್ಲಿ ಕೊನೇ ಶೋ ಬಾರಿಸಿ ನಿಲ್ಲಿಸಿದ್ರು. ಆ ವಿಷ್ಯ ಓದಿದ ದಿನ ನಾನು ಗ್ಯಾರೇಜಿಗೆ ಹೋಗಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ 'ದ ಟ್ರೂಪರ್' ಬಾರಿಸಿದೆ.

ಲಾರ್ಸ್‌ನ ಬಗ್ಗೆ ಬೇಗ ಹೇಳ್ತೀನಿ. 2011ರಲ್ಲಿ ಗುರಗಾಂವ್ ಶೋ ಕ್ಯಾನ್ಸಲ್ ಆಗಿ ಎರಡು ದಿನ ಆದ್ಮೇಲೆ ಬೆಂಗಳೂರು, ಅದೂ ನಡೆಯುತ್ತೋ ಇಲ್ವೋ ಅಂತ ಮೈಸೂರಿಂದ ರೈಲು ಹತ್ತೋವಾಗ್ಲೂ ಎದೆ ಡವಡವ. ಶೂ ತುಂಬ ಕೆಸರು, ಹಿಂದಿನಿಂದ ತಳ್ಳಾಟ, ಆದ್ರೂ 'ಒನ್' ಬಂದಾಗ ಎಲ್ಲಾ ಮರೆತೋಯ್ತು. ಲಾರ್ಸ್‌ನ ಬೈಯೋರು ಬಹಳ ಜನ, ನಾನು ಆ ಗುಂಪಲ್ಲಿ ಇಲ್ಲ. ಆಯಪ್ಪನ ತಾಕತ್ತು ಕೈಕಾಲಲ್ಲಿ ಇರೋದಕ್ಕಿಂತ ಹಾಡು ಕಟ್ಟೋದ್ರಲ್ಲಿದೆ, ಹಾಡೋ ಜೇಮ್ಸ್ ಹೆಟ್‌ಫೀಲ್ಡ್‌ನ ಗಿಟಾರ್ ಎಲ್ಲೆಲ್ಲಿ ತುಂಡಾಗುತ್ತೋ ಅಲ್ಲಲ್ಲೇ ಡ್ರಮ್ಸೂ ತುಂಡಾಗುತ್ತೆ. 1988ರ 'ಒನ್' ಮಧ್ಯದಲ್ಲಿ ಮಿಷನ್ ಗನ್ ಥರ ಡಬಲ್ ಬಾಸ್ ಬರುತ್ತಲ್ಲ, ಅದೂ ಗಿಟಾರೂ ಸೇರಿ ಒಂದೇ ವಾದ್ಯ ಆಗೋಗುತ್ತೆ. ಅದನ್ನ ಕಲಿಯೋಕೆ ಡಬಲ್ ಪೆಡಲ್ ತಗೊಂಡೆ, ನಾಲ್ಕು ತಿಂಗಳ ಆರ್ಕೆಸ್ಟ್ರಾ ದುಡ್ಡು ಅದು. ತಂದ ಮೂರನೇ ವಾರಕ್ಕೆ ಸ್ಪ್ರಿಂಗ್ ಕಿತ್ಕೊಂಡು ಬಂತು, ಅದೂ ಸ್ಟೇಜ್ ಮೇಲೆ, ಹಾಡಿನ ಮಧ್ಯೆ. ಅಂಗಡಿಯವ್ರು ಬದಲಾಯಿಸಿ ಕೊಡೋಕಾಗಲ್ಲ ಅಂದ್ರು, ಕೊನೆಗೆ ಒಬ್ಬ ಸೈಕಲ್ ರಿಪೇರಿ ಅಣ್ಣ ಹತ್ತು ನಿಮಿಷಕ್ಕೆ ಕೂರಿಸಿಕೊಟ್ರು, ಇವತ್ತಿಗೂ ಅದೇ ಸ್ಪ್ರಿಂಗು. ಎರಡು ತಿಂಗಳಲ್ಲಿ 'ಒನ್' ಕಾಲಿಗೆ ಬಂತು. ನಾನಂದ್ಕೊಂಡಿದ್ದಕ್ಕಿಂತ ಬೇಗಾನೇ ಬಂತು, ಅದ್ಕೇ ನನ್ನ ಲೆಕ್ಕದಲ್ಲಿ ಲಾರ್ಸ್ ನಾಲ್ಕನೇ ಜಾಗ.

ಈಗ ಚಾರ್ಲಿ ವಾಟ್ಸ್.

2003ರಲ್ಲಿ ಸ್ಟೋನ್ಸ್ ಬಂದಾಗ ನಾನು ಆಯಪ್ಪನ್ನ ಸರಿಯಾಗಿ ನೋಡ್ಲೇ ಇಲ್ಲ, ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಸಂಕಟ ಆಗುತ್ತೆ. ಹಾಡೋ ಮಿಕ್ ಜ್ಯಾಗರ್ ಆ ತುದಿಯಿಂದ ಈ ತುದಿಗೆ ಓಡ್ತಿದ್ದ, ಕೀತ್ ರಿಚರ್ಡ್ಸ್ ಗಿಟಾರ್ ಸೊಂಟಕ್ಕಿಂತ ಕೆಳಗೆ ನೇತಾಕ್ಕೊಂಡು ನಿಂತಿದ್ದ, ಕಣ್ಣು ಅವ್ರ ಹಿಂದೇನೇ. ಎರಡು ವರ್ಷದ ಹಿಂದೆ ಪೇಸ್‌ನ ನೋಡಿದ್ದ ಕಣ್ಣು ಬೇರೆ, ಅದ್ಕೆ ನಡುವೆ ಕೂತಿದ್ದ ಅರವತ್ತೊಂದು ವರ್ಷದ ಆಯಪ್ಪನ್ನ ನೋಡಿ "ಇದೇನು, ಒಂದ್ ಫಿಲ್ಲೂ ಇಲ್ಲ, ಒಂದ್ ರೋಲೂ ಇಲ್ಲ" ಅಂತ ಅನ್ನಿಸಿತ್ತು. ಚಿಕ್ಕ ಕಿಟ್ಟು, ಮುಂದೆ ಒಂದೇ ಟಾಮು, ನಮ್ಮ ಆರ್ಕೆಸ್ಟ್ರಾ ಕಿಟ್ಟಿಗಿಂತ ಕಮ್ಮಿ ಸಾಮಾನು. ಮುಖದಲ್ಲಿ ನಗೂನೂ ಇಲ್ಲ ಸಿಟ್ಟೂ ಇಲ್ಲ, ಬ್ಯಾಂಕಲ್ಲಿ ಲೆಡ್ಜರ್ ಬರೆಯೋರ ಥರ ಕೂತಿದ್ರು. ಎಡಗೈ ಸ್ಟಿಕ್‌ನ ಅಂಗೈ ಮೇಲೆ ಮಲಗಿಸ್ಕೊಂಡು ಜಾಝ್‌ನೋರ ಥರ ಹಿಡಿದಿದ್ರು, ಅದೊಂದು ಮಾತ್ರ ನೆನಪಿದೆ. ಅಷ್ಟು ಹತ್ತಿರ ಹೋಗಿ ಅಷ್ಟೇ ನೋಡ್ಕೊಂಡು ಬಂದೆ.

ಆ ಸಲಾನೂ ನಿಯಮದ ಪ್ರಕಾರ ಗ್ಯಾರೇಜಿಗೆ ಹೋಗಿ 'ಹಾಂಕಿ ಟಾಂಕ್ ವಿಮೆನ್' ಹಾಕಿದೆ. ಸುಲಭ ಅಂದ್ಕೊಂಡೇ ಕೂತಿದ್ದು. ಮೊದಲು ಕೌಬೆಲ್ಲು (ಹಸುವಿನ ಗಂಟೆ ಥರದ್ದು, ಅದನ್ನ ರೆಕಾರ್ಡಲ್ಲಿ ಬಾರಿಸಿದ್ದು ಅವ್ರ ಪ್ರೊಡ್ಯೂಸರ್ ಜಿಮ್ಮಿ ಮಿಲ್ಲರ್), ಆಮೇಲೆ ಡ್ರಮ್ಸ್, ಆಮೇಲೆ ಗಿಟಾರು. ನಾನು ಬಾರಿಸಿ ಗೆಳೆಯನ ಹತ್ರ ಟೇಪ್ ರೆಕಾರ್ಡರ್‌ನಲ್ಲಿ ರೆಕಾರ್ಡ್ ಮಾಡಿಸಿ ಕೇಳಿದೆ. ಏಟೆಲ್ಲ ಸರಿಯಾಗಿದೆ, ಎಲ್ಲಾ ಜಾಗಕ್ಕೇ ಬಿದ್ದಿದೆ, ಆದ್ರೆ ಹಾಡು ಸತ್ತೋಗಿದೆ. ಯಾಕೆ ಅಂತ ಗೊತ್ತಾಗೋಕೆ ಬಹಳ ವರ್ಷ ಹಿಡೀತು, ವೀಡಿಯೋ ನಿಲ್ಲಿಸಿ ನಿಲ್ಲಿಸಿ ನೋಡೋ ಕಾಲ ಬರಬೇಕಾಯ್ತು.

ವಿಷ್ಯ ಏನಪ್ಪಾ ಅಂದ್ರೆ, ನಾವೆಲ್ಲ ಸಾದಾ ಬೀಟ್ ಬಾರಿಸೋವಾಗ ಬಲಗೈ ಹೈ ಹ್ಯಾಟ್ ಮೇಲೆ ಎಂಟು ಏಟು, ಒಂದು ಎರಡು ಮೂರು ನಾಲ್ಕು ಐದು ಆರು ಏಳು ಎಂಟು, ಎಡಗೈ ಮೂರಕ್ಕೆ ಏಳಕ್ಕೆ ಸ್ನೇರ್ ಮೇಲೆ. ವಾಟ್ಸ್ ಮೂರಕ್ಕೂ ಏಳಕ್ಕೂ ಸ್ನೇರ್ ಹೊಡೆಯೋವಾಗ ಬಲಗೈನ ಎತ್ತಿಬಿಡ್ತಾರೆ, ಹೈ ಹ್ಯಾಟ್ ಮುಟ್ಟೋದೇ ಇಲ್ಲ. ಎಂಟರ ಜಾಗದಲ್ಲಿ ಆರೇ ಏಟು. ಇಷ್ಟೇ. ಓದೋಕೆ ಏನೂ ಅಲ್ಲ ಅನ್ಸುತ್ತೆ, ಕೂತು ಬಾರಿಸಿ ನೋಡಿ. ಎರಡು ಕೈ ಒಟ್ಟಿಗೆ ಇಳಿಯೋದು ಡ್ರಮ್ಮರ್‌ಗೆ ಉಸಿರಾಡಿದಂಗೆ ಅಭ್ಯಾಸ ಆಗಿರುತ್ತೆ, ಅದ್ರಲ್ಲಿ ಒಂದು ಕೈನ ಪ್ರತಿ ಸಲ ತಡೀಬೇಕು ಅಂದ್ರೆ ಭುಜವೇ ಕೇಳಲ್ಲ. ಮೊದಲ ವಾರ ನಾನು ಬಲಗೈ ಎತ್ತೋಕೆ ಹೋದ್ರೆ ಸ್ನೇರೂ ತಡವಾಗ್ತಿತ್ತು. ಎರಡನೇ ವಾರ ಕೈ ಎತ್ತೋದು ಬಂತು, ಆದ್ರೆ ಮುಂದಿನ ಏಟಿಗೆ ಅವಸರ, ಟೆಂಪೋ ಓಡ್ತಿತ್ತು. ಮೂರನೇ ವಾರದ ಕೊನೇಲಿ ಒಂದು ಸಂಜೆ ಹತ್ತು ಹದಿನೈದು ಆವರ್ತ ಸರಿಯಾಗಿ ಕೂತ್ಕೊಳ್ತು, ಆಗ ಕೇಳಿಸಿದ್ದು ನೋಡಿ, ಸ್ನೇರ್‌ನ ಪಕ್ಕ ಹೈ ಹ್ಯಾಟ್‌ನ ಗಲಾಟೆ ಇಲ್ದೇ ಇರೋದ್ರಿಂದ ಆ ಏಟು ಒಂಟಿಯಾಗಿ, ದಪ್ಪಗೆ, ಬಾಗಿಲು ತೆರೆದಂಗೆ ಬಂತು. ಗೆಳೆಯ ಒಳಗಿಂದ ಬಂದು "ಈಗೇನ್ ಮಾಡ್ದೆ?" ಅಂದ. ಕೇಳಿದ್ರೆ ಸಾಕಲ್ಲ, ಅವ್ನು ಡ್ರಮ್ಸ್ ಗೊತ್ತಿಲ್ದೇ ಇರೋನು.

ಇದಕ್ಕೆ ನಮ್ಮೂರಿನ ಸಾಕ್ಷಿ ಒಂದಿದೆ. ಹಬ್ಬದಲ್ಲಿ ತಮಟೆ ಬಾರಿಸೋ ಹಿರಿಯರೊಬ್ಬರಿದ್ದಾರೆ, ನಾನು ಚಿಕ್ಕೋನಾಗಿದ್ದಾಗಿಂದ ನೋಡ್ತಿದ್ದೀನಿ. ಬಾರಿಸೋಕ್ ಮುಂಚೆ ಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸ್ತಾರೆ, ಚರ್ಮದ ಮೇಲೆ ಬೆರಳಲ್ಲಿ ಒಂದ್ ಸಲ ತಟ್ಟಿ ಕಿವಿ ಹತ್ರ ಹಿಡೀತಾರೆ, ಆಗಿಲ್ಲ ಅಂದ್ರೆ ಮತ್ತೆ ಬೆಂಕಿಗೆ. ಒಂದು ಕೈಲಿ ಗಿಡ್ಡ ಕೋಲು, ಇನ್ನೊಂದ್ರಲ್ಲಿ ಸಣ್ಣ ಕಡ್ಡಿ. ಹುಡುಗ್ರು ಏಟಿನ ಮೇಲೆ ಏಟು ತುಂಬಿ ಬೆವರು ಸುರಿಸ್ತಿದ್ರೆ ಅವ್ರು ನಡುನಡುವೆ ಏಟು ಬಿಟ್ಟು ಬಿಟ್ಟು ಬಾರಿಸ್ತಾರೆ, ಕುಣಿಯೋರು ಅವ್ರ ಸುತ್ತಾನೇ ಸೇರೋದು. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಮೊಬೈಲಲ್ಲಿ ಸ್ಟೋನ್ಸ್‌ದು ಒಂದು ಲೈವ್ ಹಾಕಿ "ದೊಡ್ಡಪ್ಪ, ಈ ಬಾರಿಸೋರನ್ನ ನೋಡು" ಅಂತ ಕೊಟ್ಟೆ. ಕಿವಿಗೆ ಹತ್ರ ಇಟ್ಕೊಂಡು ಒಂದೆರಡು ನಿಮಿಷ ಕೇಳಿ, "ಈ ಮುದುಕಪ್ಪ ಕುಣಿಯೋರ್ ಕಾಲ್ ನೋಡ್ಕಂಡು ಬಾರಿಸ್ತಾವ್ನೆ ಕಣ್ಲಾ, ಜಾಗ ಬುಡ್ತಾವ್ನೆ" ಅಂದ್ರು. ಇಂಗ್ಲಿಷ್ ಹಾಡು ಅವ್ರು ಹಿಂದೆ ಯಾವತ್ತೂ ಗಮನ ಇಟ್ಟು ಕೇಳಿದೋರೇ ಅಲ್ಲ.

ವಾಟ್ಸ್‌ಗೆ ಜಾಝೇ ಪ್ರಾಣ, 1963ರಲ್ಲಿ ಸ್ಟೋನ್ಸ್ ಸೇರಿದ್ರು, ಕೊನೇವರೆಗೂ ಡ್ರಮ್ ಸೋಲೋ ಅಂದ್ರೆ ಅವ್ರಿಗೆ ಆಗ್ತಿರಲಿಲ್ಲ. 1967ರಿಂದ ಟೂರಲ್ಲಿ ಉಳ್ಕೊಂಡ ಪ್ರತಿ ಹೋಟೆಲ್ ರೂಮಿನ ಮಂಚದ ಚಿತ್ರ ಬಿಡಿಸಿ ಇಟ್ಕೋತಿದ್ರಂತೆ, ಅಂದ್ರೆ 2003ರ ಆ ಬೆಂಗಳೂರಿನ ರೂಮಿನ ಮಂಚಾನೂ ಯಾವುದೋ ಪುಸ್ತಕದಲ್ಲಿ ಎಲ್ಲೋ ಇರ್ಬೇಕು. 2021 ಆಗಸ್ಟ್ 24ಕ್ಕೆ ತೀರ್ಕೊಂಡ್ರು. ಆವತ್ತು ರಾತ್ರಿ ನಾನು ಕಿಟ್ ಮುಟ್ಟಲಿಲ್ಲ.

ಗಿಟಾರ್ ಹುಡುಗನ ಬಾನಮ್‌ಗೂ ನ್ಯಾಯ ಮಾಡ್ಬೇಕು. ನಾನು ಆಯಪ್ಪನ್ನ ನೋಡಿಲ್ಲ, ನೋಡೋ ಹಂಗೂ ಇರಲಿಲ್ಲ, 1980 ಸೆಪ್ಟೆಂಬರ್ 25ಕ್ಕೆ ಮೂವತ್ತೆರಡು ವರ್ಷಕ್ಕೇ ಹೋಗ್ಬಿಟ್ರು, ಲೆಡ್ ಜೆಪ್ಲಿನ್ ಬ್ಯಾಂಡೇ ನಿಂತೋಯ್ತು. ಹಂಗಾಗಿ ಅರ್ಧ ಪರೀಕ್ಷೆ ಅಷ್ಟೇ, ಬಾರಿಸಿ ನೋಡೋದು. 1969ರ 'ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್'ನಲ್ಲಿ ಒಂದೇ ಪೆಡಲ್‌ನಲ್ಲಿ ಬರೋ ಆ ಸಣ್ಣ ಸಣ್ಣ ಟ್ರಿಪ್ಲೆಟ್ (ಮೂರು ಮೂರು ಏಟಿನ ಗುಂಪು) ಇದ್ಯಲ್ಲ, ಅದನ್ನ ಡಬಲ್ ಪೆಡಲ್‌ನಲ್ಲಿ ಬಾರಿಸಿದ್ರೆ ಸುಲಭ, ಒಂದ್ರಲ್ಲಿ ಬಾರಿಸಿದ್ರೆ ಕಾಲನ್ನ ಪೆಡಲ್ ಮೇಲೆ ಜಾರಿಸ್ತಾ ಜಾರಿಸ್ತಾ ಹೋಗ್ಬೇಕು, ನಂಗೆ ನೂರಕ್ಕೆ ಅರವತ್ತು ಸಲ ಬರುತ್ತೆ.

ಆದ್ರೆ ನಾನು ಬಾನಮ್‌ಗೆ ನಿಜವಾಗ್ಲೂ ಕೈ ಮುಗಿದಿದ್ದು ಮಂಡ್ಯದ ಒಂದು ಕಲ್ಯಾಣ ಮಂಟಪದ ಮೆಟ್ಟಿಲ ಹತ್ರ. 1971ರ 'ವೆನ್ ದ ಲೆವೀ ಬ್ರೇಕ್ಸ್' ಹಾಡಿನ ಡ್ರಮ್ಸ್‌ನ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ದೊಡ್ಡ ಮನೇಲಿ, ಮೆಟ್ಟಿಲಿನ ಕೆಳಗಡೆ ಹಾಲ್‌ನಲ್ಲಿ ಕಿಟ್ ಇಟ್ಟು, ಮೇಲಿನ ಮಹಡಿಯಿಂದ ಎರಡು ಮೈಕ್ ನೇತಾಕಿ ರೆಕಾರ್ಡ್ ಮಾಡಿದ್ರು ಅಂತ ಓದಿದ್ದೆ. ನಮಗೆ ರಿಸೆಪ್ಷನ್ ಆರ್ಕೆಸ್ಟ್ರಾ ಇತ್ತು, ಮಧ್ಯಾಹ್ನವೇ ಹೋಗಿದ್ವಿ, ಮಂಟಪ ಖಾಲಿ, ಕಲ್ಲಿನ ಮೆಟ್ಟಿಲು ಮೂರು ಮಹಡಿಗೆ ಸುತ್ತಿಕೊಂಡು ಹೋಗಿದೆ. ಇದೇ ಅವಕಾಶ ಅಂತ ಕಿಟ್‌ನ ಮೆಟ್ಟಿಲ ಬುಡದಲ್ಲಿ ಜೋಡಿಸಿ, ಎರಡನೇ ಮಹಡಿ ಕಂಬಿಗೆ ಹೂವಿನೋರ ಹತ್ರ ದಾರ ಈಸ್ಕೊಂಡು ಮೊಬೈಲ್ ಕಟ್ಟಿ ಇಳಿಬಿಟ್ಟು, ಆ ನಿಧಾನದ ಬೀಟ್ ಶುರು ಮಾಡಿದೆ. ಮೊದಲ ಏಟಿಗೇ ಮೈ ಜುಮ್ ಅಂತು. ಕಿಕ್ ಹೊಡೆದ್ರೆ ಶಬ್ದ ಮೇಲಕ್ಕೆ ಹತ್ತಿ ಹೋಗಿ ವಾಪಸ್ ಇಳಿದು ಬರುತ್ತೆ, ಅದು ಇಳಿದು ಬರೋ ಹೊತ್ತಿಗೆ ಸ್ನೇರ್ ಹೊಡೀಬೇಕು, ಸ್ವಲ್ಪ ಬೇಗ ಹೊಡೆದ್ರೂ ಎರಡೂ ಕಲಸಿಹೋಗುತ್ತೆ. ಬಾನಮ್ ಡ್ರಮ್ಸ್ ಜೊತೆ ಮನೇನೂ ಬಾರಿಸಿದ್ದಾರೆ ಅಂತ ಆಗ ಅರ್ಥ ಆಯ್ತು. ಹತ್ತು ನಿಮಿಷಕ್ಕೆ ಅಡುಗೆ ಭಟ್ಟರು ಸೌಟು ಹಿಡ್ಕೊಂಡೇ ಬಂದು "ಸ್ವಾಮಿ, ಹಪ್ಪಳದ ಎಣ್ಣೆ ನಡುಗ್ತಾ ಇದೆ" ಅಂದ್ರು, ನಿಲ್ಲಿಸಿದೆ. ಆ ರೆಕಾರ್ಡಿಂಗ್ ಇನ್ನೂ ಇಟ್ಕೊಂಡಿದ್ದೀನಿ.

ನೀಲ್ ಪೀರ್ಟ್‌ನ ಬಿಟ್ರೆ ನಮ್ಮ ಮೃದಂಗದ ಗೆಳೆಯ ನನ್ನ ಬಿಡಲ್ಲ. ಅವನಿಗೆ ರಾಕ್‌ನಲ್ಲಿ ಇಷ್ಟ ಇರೋದೇ ಪೀರ್ಟ್ ಬಾರಿಸ್ತಿದ್ದ ರಷ್ ಬ್ಯಾಂಡ್ ಒಂದು. ಅವ್ರ 1981ರ 'ವೈ ವೈ ಝೀ' ಶುರುವಾಗೋದೇ ಟೊರಾಂಟೋ ಏರ್‌ಪೋರ್ಟಿನ ಗುರುತಿನ ಅಕ್ಷರ YYZನ ಮೋರ್ಸ್ ಕೋಡಿನ (ಉದ್ದ, ಗಿಡ್ಡ ಶಬ್ದದ ತಂತಿ ಸಂಕೇತ) ತಾಳದಲ್ಲಿ. ಉದ್ದದ್ದಕ್ಕೆ ಎರಡು ಅಕ್ಷರ, ಗಿಡ್ಡಕ್ಕೆ ಒಂದು ಅಂತ ಲೆಕ್ಕ ಹಾಕಿದ್ರೆ ಏಳು, ಏಳು, ಆರು, ಒಟ್ಟು ಇಪ್ಪತ್ತು, ಬೀಟಿಗೆ ನಾಲ್ಕರಂತೆ ಐದು ಬೀಟು. ನಾನು ಒಂದು ವಾರ ಒದ್ದಾಡಿದ್ದನ್ನ ಅವ್ನು ತೊಡೆ ಮೇಲೆ "ತಕಿಟ ತಕದಿಮಿ, ತಕಿಟ ತಕದಿಮಿ, ತಕಿಟ ತಕಿಟ" ಅಂತ ಎರಡು ಮಿಶ್ರ (ಏಳಕ್ಷರ), ಮೇಲೊಂದು ಆರು ಹಾಕಿ ಎರಡು ನಿಮಿಷಕ್ಕೆ ಮುಗಿಸಿದ. ಪೀರ್ಟ್‌ಗೆ ನಾನು ದೊಡ್ಡ ಗೌರವ ಕೊಡೋದು ಬೇರೆ ಕಾರಣಕ್ಕೆ, ಪ್ರಪಂಚ ಎಲ್ಲ ನೀನೇ ನಂಬರ್ ಒನ್ ಅಂತಿದ್ದಾಗ ನಲವತ್ತು ದಾಟಿದ್ಮೇಲೆ ಫ್ರೆಡ್ಡಿ ಗ್ರೂಬರ್ ಅನ್ನೋ ಮೇಷ್ಟ್ರ ಹತ್ರ ಹೋಗಿ ಸ್ಟಿಕ್ ಹಿಡಿಯೋದನ್ನೇ ಮೊದಲಿಂದ ಕಲ್ತ್ರು. ಆದ್ರೆ ಅವ್ರ ಬಾರಿಸೋದ್ರಲ್ಲಿ ಎಲ್ಲಾ ಮುಂಚೇನೇ ಬರೆದಿಟ್ಟಂಗಿರುತ್ತೆ, ನನ್ನ ಮನಸ್ಸು ಅಲ್ಲಿ ನಿಲ್ಲಲ್ಲ. ದ ಹೂ ಬ್ಯಾಂಡಿನ ಕೀತ್ ಮೂನ್ ಇದಕ್ಕೆ ಪೂರ್ತಿ ಉಲ್ಟಾ, ಆಯಪ್ಪನ ಬೀಟ್ ಬಾರಿಸೋಕೆ ಹೋಗಿ ನಾನು ಎರಡೇ ದಿನಕ್ಕೆ ಬಿಟ್ಟೆ, ಅದು ಅವ್ರೊಬ್ಬರಿಗೇ ಸರಿ.

ಹಂಗಾಗಿ ಕೀಬೋರ್ಡ್ ಅಣ್ಣಂಗೆ ನನ್ನ ಉತ್ತರ ಬದಲಾಗಿಲ್ಲ. ಕಣ್ಣಿಗೆ ಪೇಸ್, ಕಾಲಿಗೆ ನಿಕೋ, ಹಾಡು ಕಟ್ಟೋದಕ್ಕೆ ಲಾರ್ಸ್, ಸೌಂಡಿಗೆ ಬಾನಮ್ ಅಂತ ಯಾರು ಹೇಳಿದ್ರೂ ಒಪ್ತೀನಿ. ಆದ್ರೆ ಒಬ್ಬರ ಹೆಸರು ಹೇಳು ಅಂದ್ರೆ ವಾಟ್ಸ್, ಯಾಕಂದ್ರೆ ಬೇರೆಯವ್ರದ್ದು ಕಲಿಯೋಕೆ ನಾನು ಏಟು ಸೇರಿಸ್ಕೋಬೇಕಾಯ್ತು, ಆಯಪ್ಪನದ್ದು ಕಲಿಯೋಕೆ ಮೂವತ್ತು ವರ್ಷದ ಅಭ್ಯಾಸದಿಂದ ಎರಡು ಏಟು ತೆಗೀಬೇಕಾಯ್ತು, ಅದು ಇನ್ನೂ ಪೂರ್ತಿ ಆಗಿಲ್ಲ. ಗಿಟಾರ್ ಹುಡುಗ "ಹತ್ತು ವರ್ಷ ಬಿಟ್ಟು ಕೇಳ್ತೀನಿ, ಆಗ ಬಾನಮ್ ಅಂತೀರ" ಅಂತಾನೆ. ಕೇಳ್ಲಿ.

ಮೊನ್ನೆ ನಾಗಮಂಗಲ ಕಡೆ ಒಂದು ಮದುವೇಲಿ ಅಣ್ಣಾವ್ರ ಒಂದು ಹಳೇ ಹಾಡು, ಮಧ್ಯಮ ನಡೆ, ಯಾವಾಗ್ಲೂ ಎಂಟೂ ಏಟು ತುಂಬಿ ಬಾರಿಸೋ ಹಾಡದು. ಎರಡನೇ ಚರಣಕ್ಕೆ ಬಲಗೈ ಎತ್ತೋಕೆ ಶುರು ಮಾಡಿದೆ. ಮೂರಕ್ಕೆ ಎತ್ತು, ಏಳಕ್ಕೆ ಎತ್ತು. ಮುಂದಿನ ಸಾಲಲ್ಲಿ ಕೂತಿದ್ದ ವಯಸ್ಸಾದ ಅಮ್ಮ ಒಬ್ಬರು ತಾಂಬೂಲದ ಚೀಲನ ತೊಡೆ ಮೇಲಿಂದ ಪಕ್ಕಕ್ಕಿಟ್ಟು ಬೆರಳಲ್ಲಿ ತಾಳ ಹಾಕೋಕೆ ಶುರು ಮಾಡಿದ್ರು. ಕೀಬೋರ್ಡ್ ಅಣ್ಣ ನುಡಿಸ್ತಾ ನುಡಿಸ್ತಾನೇ ಕತ್ತು ತಿರುಗಿಸಿ ನನ್ನ ಬಲಗೈ ನೋಡಿದ್ರು, ಆಮೇಲೆ ಹಾಡು ಮುಗಿಯೋವರೆಗೂ ಆ ಕಡೆ ತಿರುಗಲೇ ಇಲ್ಲ.